ಗುಡ್ಡದ ಬುಡದ ಬದನೆಕಾಯಿ ರಾಜ

ಬಿಸ್ಕತ್ತು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ರಾಜಮ್ಮನ ಮೂಗಿಗೆ ಇಂದಿಗೂ ಇಂಗು ಮೆಂತ್ಯದ ಘಾಟು ಬರುತ್ತದೆ. ಚಿತ್ರದುರ್ಗದ ತವರುಮನೆಯ ಅಡುಗೆಮನೆಯಲ್ಲಿ ಮುಚ್ಚಳದ ಮೇಲೆ ಕುದುರೆಗಾಡಿಯ ಚಿತ್ರವಿದ್ದ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಆರು ವರ್ಷದ ರಾಜಮ್ಮ ಒಂದು ಮಧ್ಯಾಹ್ನ ಮಣೆಯ ಮೇಲೆ ಮಣೆ ಪೇರಿಸಿ, ಹತ್ತಿ, ಮುಚ್ಚಳ ತೆಗೆದು, ಆಸೆಯಿಂದ ಮುಖವನ್ನೇ ಡಬ್ಬಿಯೊಳಗೆ ಇಳಿಸಿದ್ದಳು. ಒಳಗಿದ್ದದ್ದು ಸಾರಿನ ಪುಡಿ. ಹನ್ನೊಂದು ಸೀನು ಸೀನಿ ಮುಗಿಸುವವರೆಗೆ ಅಮ್ಮ ಸೆರಗಿನಿಂದ ಮೂಗು ಒರೆಸುತ್ತ ಕಾದಿದ್ದು, ಆಮೇಲೆ ಹೇಳಿದ್ದರು: "ಡಬ್ಬಿ ಮೇಲಿರೋದನ್ನ ಯಾರಾದರೂ ಓದ್ತಾರೇನೇ? ಮೂಸಿ ನೋಡಬೇಕು."

ಅಂದು ಕಲಿತ ಪಾಠವನ್ನು ರಾಜಮ್ಮ ಮೈಸೂರಿನಲ್ಲಿ ಬಿ.ಎ. ಓದಿದರೂ ಬಿಡಲಿಲ್ಲ, ಮದುವೆಯಾಗಿ ಅಹಮದಾಬಾದಿಗೆ ಬಂದು ಮೂವತ್ತೆಂಟು ವರ್ಷವಾದರೂ ಬಿಡಲಿಲ್ಲ. ಅವರ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಉದ್ದಿನಬೇಳೆ, ತುಪ್ಪದ ಡಬ್ಬಿಯಲ್ಲಿ ಹುಣಸೆಹಣ್ಣು, ಪೌಡರಿನ ಡಬ್ಬಿಯಲ್ಲಿ ಸೂಜಿ ದಾರ ಇರುತ್ತಿದ್ದವು. ಪತಿ ಪಟ್ಟಾಭಿರಾಮ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಉಪಕರಣಗಳ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಒಂದೊಂದು ತಿರುಪಿಗೂ ಚೀಟಿ ಅಂಟಿಸಿ ರೂಢಿ. ಹೆಂಡತಿಯ ಅಡುಗೆಮನೆಯಲ್ಲಿ ಅವರು ಒಬ್ಬರೇ ಕಾಫಿ ಮಾಡಿಕೊಳ್ಳುವ ಸಾಹಸಕ್ಕೆ ಕೈಹಾಕಿದ್ದು ಒಂದೇ ಸಲ. ಆ ಕಾಫಿಯಲ್ಲಿ ಸಕ್ಕರೆಯ ಬದಲು ರವೆ ಬಿದ್ದು, ಲೋಟದಲ್ಲೇ ಉಪ್ಪಿಟ್ಟಿನ ಲಕ್ಷಣ ಕಾಣಿಸಿತ್ತು.

ಮನೆಗೆ ಕಂಪ್ಯೂಟರ್ ಬಂದಾಗ ರಾಜಮ್ಮ ಅದರಲ್ಲೂ ಸಂಸಾರವನ್ನು ಹಾಗೆಯೇ ಹೂಡಿದರು. ಹೊಸ ಫೈಲು ತೆರೆಯುವುದು ಅವರಿಗೆ ದುಂದು ಅನ್ನಿಸುತ್ತಿತ್ತು. ಹಳೆಯದೊಂದು ಖಾಲಿ ಕೂತಿರುವಾಗ ಹೊಸದೇಕೆ? ಕೆಲಸ ಮುಗಿದ ಕಾಗದವನ್ನು ತೆರೆದು, ಒಳಗಿನದನ್ನು ಅಳಿಸಿ, ಹೊಸದನ್ನು ತುಂಬುವುದು. ಹೆಸರು ಹಳೆಯದೇ ಇರಲಿ, ಡಬ್ಬಿಯ ಚೀಟಿ ಕೆರೆಯುತ್ತ ಕೂರುವಷ್ಟು ಪುರಸೊತ್ತು ಯಾರಿಗಿದೆ? ಕಂಪ್ಯೂಟರಿಗೆ ವಾಸನೆಯೊಂದಿಲ್ಲ, ಆದ್ದರಿಂದ ಅವರು ಜಾಗ ನೋಡಿ ಗುರುತಿಟ್ಟುಕೊಳ್ಳುತ್ತಿದ್ದರು. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ, ನಾಲ್ಕು ಮೋಡಗಳ ಚಿತ್ರವಿತ್ತಲ್ಲ, ಅಲ್ಲಿ ದೊಡ್ಡ ಮೋಡದ ಕೆಳಗೆ ಅಕ್ಕನ ಪತ್ರಗಳು. ಗುಡ್ಡದ ನೆತ್ತಿಯಲ್ಲಿ ವಿಳಾಸಗಳು. ಗುಡ್ಡದ ಬುಡದಲ್ಲಿ, ಬಲಗಡೆ, ಬದನೆಕಾಯಿ ರಾಜ.

ಬದನೆಕಾಯಿ ರಾಜ ಎಂದರೆ ನಾಟಕ. 'ಬದನೆಕಾಯಿ ರಾಜನ ಮದುವೆ'. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕನ್ನಡಿಗರು ಸೇರಿ ೨೦೦೩ರ ರಾಜ್ಯೋತ್ಸವವನ್ನು ನವೆಂಬರ್ ಎರಡರ ಭಾನುವಾರ ವಡೋದರಾದಲ್ಲಿ ಮಾಡುವುದೆಂದು ನಿಶ್ಚಯವಾಗಿತ್ತು. ಮಕ್ಕಳ ನಾಟಕ ಬರೆಯುವ ಕೆಲಸ ರಾಜಮ್ಮನ ಪಾಲಿಗೆ ಬಂತು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅಕ್ಷರ ಓದಲು ಬಾರದೆಂದು ಅವರು ಕನ್ನಡದ ಮಾತುಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ್ದರು. ಮೊದಲ ಮೂರು ಅಂಕ ಎಲ್ಲರ ಕೈಸೇರಿ ಬಾಯಿಪಾಠವೂ ಆಗಿತ್ತು. ನಾಲ್ಕನೆಯದನ್ನು ಒಂದು ತಿಂಗಳು ತಿದ್ದಿ ತೀಡಿ ಬರೆದು ಮುಗಿಸಿದ್ದಷ್ಟೇ, ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

ಆ ನಾಲ್ಕನೇ ಅಂಕ ಪೂರ್ತಿ ಸೂರತ್ತಿನ ಆಶ್ರಿತಾಳದು. ಅಲ್ಲಿನ ಅಡಾಜಣ್ ಬಡಾವಣೆಯ ಒಂಬತ್ತು ವರ್ಷದ ಹುಡುಗಿ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುವವಳು. ಹೋದ ವರ್ಷ ಅವಳ ಕನ್ನಡ ತಡವರಿಸುತ್ತದೆಂದು ಯಾರೋ ಅವಳನ್ನು ಮರ ಮಾಡಿ ನಿಲ್ಲಿಸಿದ್ದರು. ನಲವತ್ತು ನಿಮಿಷ ಎರಡು ಕೊಂಬೆ ಹಿಡಿದುಕೊಂಡು ನಿಂತ ಮಗು ಇಳಿದುಬಂದು, "ಅಜ್ಜಿ, ನೆಕ್ಸ್ಟ್ ಟೈಮ್ ಮಾತು ಇರೋ ಮರ ಮಾಡ್ತೀರಾ?" ಎಂದು ಕೇಳಿತ್ತು. ರಾಜಮ್ಮ ಅವಳ ತಲೆಯಿಂದ ಎಲೆ ಆರಿಸುತ್ತ, "ಮರ ಯಾಕೆ ಕಂದ, ಮದುವಣಗಿತ್ತಿನೇ ಮಾಡ್ತೀನಿ" ಎಂದು ಮಾತು ಕೊಟ್ಟಿದ್ದರು.

ದೀಪಾವಳಿಗೆ ವಾರವಿದ್ದಾಗ ಯಾರದೋ ಫ್ಲಾಪಿಯಿಂದ ವೈರಸ್ ಬಂದು ಕಂಪ್ಯೂಟರ್ ನಿಮಿಷಕ್ಕೊಮ್ಮೆ ಕಣ್ಣುಮುಚ್ಚಿ ತೆಗೆಯತೊಡಗಿತು. ಪಟ್ಟಾಭಿರಾಮರಿಗೆ ಒಳಗೊಳಗೇ ಖುಷಿ. ಪತ್ರಿಕೆಯೊಂದರ ಜೊತೆ ಬಂದಿದ್ದ ಲಿನಕ್ಸ್ ಸಿ.ಡಿ. ಅವರ ಮೇಜಿನ ಖಾನೆಯಲ್ಲಿ ಚೀಟಿ ಅಂಟಿಸಿಕೊಂಡು ಒಂದು ವರ್ಷದಿಂದ ಕಾಯುತ್ತಿತ್ತು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಪ್ರೇರಣಾಳನ್ನು ಕರೆದರು. ಅವಳು ಧಾರವಾಡದವಳು, ಎಂ.ಸಿ.ಎ. ಓದುತ್ತಿದ್ದಳು. ಪಟ್ಟಾಭಿರಾಮರು ಹಳೆಯ ಫೈಲುಗಳನ್ನೆಲ್ಲ ಒಂದು ಸಿ.ಡಿ.ಗೆ ಇಳಿಸಿಕೊಟ್ಟರು, ಅವಳು ವಿಂಡೋಸ್ ತೆಗೆದು, ಡಿಸ್ಕು ಗುಡಿಸಿ ಸಾರಿಸಿ, ಲಿನಕ್ಸ್ ಕೂರಿಸಿದಳು. ಅಡುಗೆಮನೆಯಲ್ಲಿ ಚಕ್ಕುಲಿಯ ಒರಳು ಒತ್ತುತ್ತಿದ್ದ ರಾಜಮ್ಮನಿಗೆ ಇದಾವುದೂ ಗಮನಕ್ಕೆ ಬರಲಿಲ್ಲ.

ಹಬ್ಬ ಕಳೆದು, ಗುಜರಾತಿಗಳ ಹೊಸ ವರ್ಷವೂ ಕಳೆದು, ಮಂಗಳವಾರ ಬೆಳಿಗ್ಗೆ ರಾಜಮ್ಮ ಕಂಪ್ಯೂಟರಿನ ಕಸೂತಿ ಹೊದಿಕೆ ಸರಿಸಿ ಕೂತರು.

"ರೀ! ಗುಡ್ಡ ಎಲ್ಲಿ?"

"ಯಾವ ಗುಡ್ಡ?"

"ನನ್ನ ಗುಡ್ಡ ರೀ! ಮೋಡ ಎಲ್ಲಾ ಇತ್ತಲ್ಲ!"

ಪರದೆಯ ತುಂಬ ನೀಲಿ. ಒಂದು ಮೂಲೆಯಲ್ಲಿ ಸಣ್ಣ ಮನೆಯ ಚಿತ್ರ. ಪಟ್ಟಾಭಿರಾಮರು ಕನ್ನಡಕ ಏರಿಸಿ ಪಾಠಕ್ಕೆ ನಿಂತರು. "ನೋಡು, ಇದರಲ್ಲಿ ಸಿ ಡ್ರೈವ್, ಡಿ ಡ್ರೈವ್ ಅಂತೆಲ್ಲ ಇಲ್ಲ. ಎಲ್ಲ ಒಂದೇ ಬೇರಿನಿಂದ ಹೊರಡುತ್ತೆ. ಆ ಬೇರಿನ ಕೆಳಗೆ ಹೋಮ್. ಹೋಮ್ ಒಳಗೆ ನಿನಗೊಂದು ಕೋಣೆ, ನನಗೊಂದು ಕೋಣೆ."

"ಬೇರೆ ಬೇರೆ ಕೋಣೆನಾ?"

"ವ್ಯವಸ್ಥೆ ಕಣೇ. ಇನ್ನು ರೂಟ್ ಅಂತ ಒಬ್ಬ ಇರ್ತಾನೆ, ಇಡೀ ಕಂಪ್ಯೂಟರಿನ ಯಜಮಾನ. ಅದೂ ನಾನೇ."

ರಾಜಮ್ಮ ಗಂಡನ ಕೋಣೆಯ ಮೇಲೆ ಒತ್ತಿದರು. ಪ್ರವೇಶಕ್ಕೆ ನಿಮಗೆ ಅನುಮತಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

"ಮೂವತ್ತೆಂಟು ವರ್ಷ ಬೇಯಿಸಿ ಹಾಕಿದ್ದೀನಿ," ಎಂದರು ಅವರು ಪರದೆಗೆ. "ಅನುಮತಿ ಇಲ್ಲವಂತೆ!"

ಪಟ್ಟಾಭಿರಾಮರು ಪ್ರೇರಣಾಳನ್ನು ಕರೆಯಲು ಮಹಡಿ ಹತ್ತಿದರು. ಆಕೆ ಪರೀಕ್ಷೆಗೆ ಓದುತ್ತಿದ್ದಳು, ಆದರೂ ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಇಳಿದು ಬಂದಳು. ಆ ಬೆರಳನ್ನು ಅರ್ಧ ಗಂಟೆಯಾದರೂ ತೆಗೆಯಲಿಲ್ಲ, ಒಂದೇ ಕೈಯಲ್ಲಿ ಮೌಸ್ ಆಡಿಸಿದಳು. ಬೇಗ ಮೇಲೆ ಹೋಗಬೇಕೆಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.

"ಫೈಲಿನ ಹೆಸರೇನ್ರಿ ಅಜ್ಜಿ?"

"ಹೆಸರು ಯಾರಿಗೆ ಗೊತ್ತು ಮಗಳೇ? ಗುಡ್ಡದ ಬುಡದಲ್ಲಿತ್ತು."

"ಅಲ್ರೀ, ಹೆಸರಂತ ಒಂದು ಇರಬೇಕಲ್ಲ?"

"ಇತ್ತು. ಆದರೆ ಅದು ಹಳೇ ಹೆಸರು, ಒಳಗಿರೋದಕ್ಕೂ ಅದಕ್ಕೂ ಸಂಬಂಧ ಇಲ್ಲ."

ಪ್ರೇರಣಾ ಒಂದು ಗಳಿಗೆ ಅಜ್ಜಿಯ ಮುಖ ನೋಡಿದಳು. "ಆಗಲ್ರಿ, ಒಳಗಿರೋ ಮಾತು ಹಿಡಕೊಂಡು ಹುಡುಕೋಣು." ಬದನೆಕಾಯಿ ಎಂದು ಕುಟ್ಟಿ ಇಡೀ ಕಂಪ್ಯೂಟರ್ ಹುಡುಕಿಸಿದಳು. ಇಲ್ಲ. ಮದುವಣಗಿತ್ತಿಯ ಹೆಸರು ಪಾಪ್ಡಿ, ಸೂರತ್ತಿನ ಅವರೆಕಾಯಿ ಎಂದು ಅಜ್ಜಿ ಹೇಳಿದ ಮೇಲೆ ಅದನ್ನೂ ಹುಡುಕಿಸಿದಳು. ಅದೂ ಇಲ್ಲ. ಕೊನೆಗೆ ಎಂಥದೋ ಒತ್ತಿದ್ದೇ ತಡ, ಎಲ್ಲೂ ಕಾಣದಿದ್ದ ಹತ್ತಾರು ಫೋಲ್ಡರುಗಳು ಪುಳಪುಳನೆ ಹೊರಬಂದವು.

"ಇವೆಲ್ಲಾ ಎಲ್ಲಿದ್ದವು?"

"ಇಲ್ಲೇ ಇದ್ದವ್ರಿ. ಹೆಸರಿನ ಮುಂದೆ ಚುಕ್ಕಿ ಇದ್ರ ಕಣ್ಣಿಗೆ ಬೀಳೂದಿಲ್ಲ. ಹಿಂದಿನ ಕೆಲಸ ಎಲ್ಲಾ ಇವೇ ಮಾಡ್ತಾವು."

"ನಮ್ಮನೇಲೂ ಹಾಗೇ," ಎಂದರು ರಾಜಮ್ಮ ತಮ್ಮ ಹಣೆಯ ಕುಂಕುಮ ಮುಟ್ಟಿಕೊಂಡು.

ಆದರೆ ಅಲ್ಲೂ ಬದನೆಕಾಯಿ ರಾಜ ಇರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ರಜನಿಬೆನ್, ಗದ್ದಲ ಕೇಳಿ, ಕೈಯಲ್ಲಿ ಬಿಡಿಸುತ್ತಿದ್ದ ಬಟಾಣಿಯ ತಟ್ಟೆಯ ಸಮೇತ ಬಂದು ಕೂತರು. ವಿಷಯ ತಿಳಿದು, "ಅರೇ ರಾಜಮ್ಮಾಬೆನ್, ಮತ್ತೆ ಬರೆದರಾಯಿತು!" ಎಂದರು ತಮ್ಮ ಗುಜರಾತಿ ಬೆರೆತ ಹಿಂದಿಯಲ್ಲಿ. ರಾಜಮ್ಮ ಕಾಗದ ಹಿಡಿದು ಪ್ರಯತ್ನಿಸಿಯೂ ನೋಡಿದರು. ಎರಡು ಸಾಲು ಬಂತು, ಮೂರನೆಯದು ಮಂಗಮಾಯ. ತಿಂಗಳ ಕಾಲ ಹದಗೊಳಿಸಿದ್ದು ಹತ್ತು ನಿಮಿಷದಲ್ಲಿ ಬರುವುದೆಂತು? ಅದೇ ಹೊತ್ತಿಗೆ ಫೋನ್ ರಿಂಗಣಿಸಿತು. ಸೂರತ್ತಿನಿಂದ.

"ಅಜ್ಜಿ, ನನ್ನ ಡೈಲಾಗ್ ಯಾವಾಗ ಕೊಡ್ತೀರಿ? ಮಮ್ಮಿ ಹಸಿರು ಡ್ರೆಸ್ ಹೊಲಿದು... ಹೊಲಿಸಿದ್ದಾಳೆ. ಈ ಸಲ ಮಾತು ಇದೆ ಅಲ್ವಾ? ಪಕ್ಕಾ?"

"ಪಕ್ಕಾ ಕಂದ," ಎಂದು ರಾಜಮ್ಮ ಫೋನ್ ಇಟ್ಟರು. ಅವರ ಮುಖ ನೋಡಿ ರಜನಿಬೆನ್ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು.

"ನನಗೆ ಜಾಗ ಗೊತ್ತು," ಎಂದರು ರಾಜಮ್ಮ ಎದ್ದು ನಿಂತು. "ಹೆಸರಿಲ್ಲದಿದ್ದರೆ ಬೇಡ, ಜಾಗ ಗೊತ್ತು."

ನೇರ ಅಡುಗೆಮನೆಗೆ ಹೋಗಿ ರಂಗೋಲಿ ಡಬ್ಬಿ ತಂದರು (ಅದರ ಮೇಲೆ ಬೇಕಿಂಗ್ ಪೌಡರ್ ಎಂದು ಬರೆದಿತ್ತು). ನಡುಮನೆಯ ನೆಲದ ಮೇಲೆ ಎಂಟು ಚುಕ್ಕಿ ಐದು ಸಾಲು ಇಟ್ಟರು. ಮೇಲೆ ಮೋಡ, ನಡುವೆ ಗುಡ್ಡದ ಏರು ಎಳೆದರು. ಆಮೇಲೆ ಒಂದೊಂದೇ ಡಬ್ಬಿ ಬಾಟಲಿ ತಂದು ಚುಕ್ಕಿಯ ಮೇಲೆ ಕೂರಿಸತೊಡಗಿದರು. ಇದು ಅಕ್ಕನ ಪತ್ರ, ಮೋಡದ ಕೆಳಗೆ. ಇದು ವಿಳಾಸಗಳು. ಇದು ಹೋದ ವರ್ಷದ ಭಾಷಣ. ಡಬ್ಬಿ ಸಾಲದೆ ಬಂದಾಗ ರಜನಿಬೆನ್ ಓಡಿಹೋಗಿ ತಮ್ಮ ಮನೆಯಿಂದ ಆರು ತಂದರು. ಅವರ ಚಹಾಪುಡಿಯ ಡಬ್ಬಿಯಲ್ಲಿ ಓಂಕಾಳು ಇದ್ದದ್ದನ್ನು ಮೂಸಿ ನೋಡಿ ರಾಜಮ್ಮನಿಗೆ ಆ ಗಾಬರಿಯಲ್ಲೂ ಸಮಾಧಾನವಾಯಿತು.

ಒಟ್ಟು ಇಪ್ಪತ್ತಮೂರು ಡಬ್ಬಿಗಳಾದವು. ಪ್ರೇರಣಾ ಕೊನೆಗೂ ಪುಸ್ತಕದಿಂದ ಬೆರಳು ತೆಗೆದು, ಸಿ.ಡಿ.ಯಲ್ಲಿ ಬಂದ ಫೈಲುಗಳನ್ನು ಒಂದೊಂದಾಗಿ ತೆರೆದು ಓದುತ್ತ ಹೋದಳು. "ಕರೆಂಟ್ ಬಿಲ್ ಅಂತೈತಿ, ಒಳಗ ನಿಮ್ಮ ಅಕ್ಕಾರ ಪತ್ರ." ರಾಜಮ್ಮ ಮೋಡದ ಕೆಳಗಿನ ಡಬ್ಬಿ ತೆಗೆದರು. "ಪಾಸ್‌ಪೋರ್ಟ್ ಅರ್ಜಿ ಅಂತೈತಿ, ಒಳಗ ನಿಂಬಿಕಾಯಿ ಉಪ್ಪಿನಕಾಯಿ." ಇನ್ನೊಂದು ಡಬ್ಬಿ ತೆಗೆದರು. ಹೀಗೆ ಇಪ್ಪತ್ತೆರಡು ಫೈಲು ಮುಗಿದಾಗ ನೆಲದ ಮೇಲೆ, ಗುಡ್ಡದ ಬುಡದಲ್ಲಿ, ಬಲಗಡೆ, ಒಂದೇ ಒಂದು ಹಾರ್ಲಿಕ್ಸ್ ಬಾಟಲಿ ಒಂಟಿಯಾಗಿ ನಿಂತಿತ್ತು.

"ಅಜ್ಜಾರ, ಸಿ.ಡಿ.ಗೆ ಹಾಕುವಾಗ ಒಂದು ಬಿಟ್ಟೀರಿ ನೋಡ್ರಿ," ಎಂದಳು ಪ್ರೇರಣಾ.

"ಛೇ, ಬೇಕಾದ್ದೆಲ್ಲ ತಂದಿದ್ದೀನಮ್ಮ. ಕೆಲಸ ಮುಗಿದದ್ದು ಒಂದೇ ಒಂದನ್ನ ತೆಗೆದೆ, ಅಷ್ಟೇ."

"ಯಾವುದದು?" ಎಂದರು ರಾಜಮ್ಮ, ಬಾಟಲಿಯಿಂದ ಕಣ್ಣು ತೆಗೆಯದೆ.

"ಅದೇ... ಗ್ಯಾಸ್ ಏಜೆನ್ಸಿಗೆ ದೂರು, ಫೈನಲ್ ಅಂತ ಇತ್ತಲ್ಲ. ಪಾಪ, ನೀನು ಬರೆದಿಟ್ಟು ಕಳಿಸೋಕೆ ಮರೆತಿದ್ದೀಯ ಅಂತ ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ, ಹಬ್ಬದ ದಿನ ಏಜೆನ್ಸಿ ಮುಚ್ಚಿದ್ದರೂ ಅವರ ದೂರಿನ ಪೆಟ್ಟಿಗೆಗೆ ಹಾಕಿ ಬಂದೆ."

ರಾಜಮ್ಮ ಒಂಟಿ ಬಾಟಲಿಯನ್ನು ಎತ್ತಿ ಎದೆಗೆ ಅವುಚಿಕೊಂಡರು.

"ಓದಲಿಲ್ವಾ?"

"ಇನ್ನೊಬ್ಬರ ಕಾಗದ ನಾನು ಓದಲ್ಲ ಅಂತ ನಿನಗೇ ಗೊತ್ತು. ಮೇಲೆ 'ಟು, ದಿ ಮ್ಯಾನೇಜರ್' ಅಂತಿತ್ತು. ಕೆಳಗೆ 'ಯುವರ್ಸ್ ಫೇತ್‌ಫುಲೀ, ರಾಜಮ್ಮ' ಅಂತಿತ್ತು. ಸಹಿನೂ ನಿನ್ನ ಪರವಾಗಿ ನಾನೇ ಹಾಕಿದೆ."

ಹೌದು, ಇತ್ತು. ಎರಡು ವರ್ಷದ ಹಿಂದೆ ಸಿಲಿಂಡರ್ ತಡವಾದಾಗ ಬರೆದ ಕಾಗದವದು. ನಾಟಕಕ್ಕಾಗಿ ಅದರ ಹೊಟ್ಟೆಯನ್ನಷ್ಟೇ ಬಗೆದಿದ್ದ ರಾಜಮ್ಮ ತಲೆಯನ್ನೂ ಕಾಲನ್ನೂ ಹಾಗೇ ಬಿಟ್ಟಿದ್ದರು. ಮಾನ್ಯ ಮ್ಯಾನೇಜರರಿಗೆ ಬದನೆಕಾಯಿ ರಾಜನ ಮದುವೆಯ ನಾಲ್ಕೂ ಅಂಕ ಸೇರಿತ್ತು. ಹಳೆಯ ಡಿಸ್ಕು ಸಾರಿಸಿ ಆಗಿತ್ತು, ಪ್ರಪಂಚದಲ್ಲಿ ನಾಲ್ಕನೇ ಅಂಕದ ಪ್ರತಿ ಉಳಿದದ್ದು ಅದೊಂದೇ.

ರಜನಿಬೆನ್‌ಗೆ ಪ್ರೇರಣಾ ಹಿಂದಿಯಲ್ಲಿ ತಿಳಿಸಿ ಹೇಳಿದಳು. ಆಕೆ ಬಟಾಣಿ ತಟ್ಟೆ ಮಗುಚಿಹೋಗುವಂತೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಚಿಂತೆ ಬೇಡ. ಇವತ್ತು ಏಜೆನ್ಸಿ ಮುಚ್ಚಿರುತ್ತೆ. ನಾಳೆ ಲಾಭ ಪಂಚಮಿ, ಪೂಜೆ ಮಾಡಿ ಬಾಗಿಲು ತೆಗೀತಾರೆ. ಅಲ್ಲೀವರೆಗೂ ಯಾರೂ ಪೆಟ್ಟಿಗೆ ಮುಟ್ಟಲ್ಲ," ಎಂದರು.

ಪಟ್ಟಾಭಿರಾಮರು ತೆಗೆದಿಟ್ಟ ಡಬ್ಬಿಗಳನ್ನು ಒಂದೊಂದಾಗಿ ಮೂಸಿ ನೋಡಿ, ತಪ್ಪದೆ ಅವುಗಳ ಜಾಗಕ್ಕೆ ಸೇರಿಸಿದರು. ಮೂವತ್ತೆಂಟು ವರ್ಷದಲ್ಲಿ ಅವರು ಡಬ್ಬಿ ಮೂಸಿದ್ದು ಅದೇ ಮೊದಲು.

ಮರುದಿನ ಇಬ್ಬರೂ ಏಜೆನ್ಸಿಗೆ ಹೊರಡಲೆಂದು ಚಪ್ಪಲಿ ಮೆಟ್ಟುತ್ತಿರುವಾಗಲೇ ಬಾಗಿಲ ಗಂಟೆ ಸದ್ದಾಯಿತು. ಹೊರಗೆ ಏಜೆನ್ಸಿಯ ಮೆಕ್ಯಾನಿಕ್ ನಿತೇಶ್‌ಭಾಯಿ ನಿಂತಿದ್ದ. ಹೊಸ ಅಂಗಿ, ಹಣೆಯಲ್ಲಿ ತಿಲಕ, ಒಂದು ಕೈಯಲ್ಲಿ ಉಪಕರಣದ ಚೀಲ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಕಾಗದ.

"ನಮಸ್ತೆ ಬಾ, ಸಾಲ್ ಮುಬಾರಕ್!" ಎಂದು ಅವನು, ಗುಜರಾತಿಯಲ್ಲಿ ಅಜ್ಜಿಯನ್ನು ಕರೆಯುವ ರೀತಿಯಲ್ಲಿ, ರಾಜಮ್ಮನಿಗೆ ಹೊಸ ವರ್ಷದ ಶುಭಾಶಯ ಹೇಳಿದ. "ಎಲ್ಲಿ ಲೀಕ್ ಆಗ್ತಿದೆ?"

"ಲೀಕಾ?"

"ನಮ್ಮ ಸೇಠ್ ಬೆಳಿಗ್ಗೆ ಪೂಜೆ ಮುಗಿಸಿ ಪೆಟ್ಟಿಗೆ ತೆಗೆದರು. ಹೊಸ ವರ್ಷದ ಮೊದಲ ಕಾಗದ ನಿಮ್ಮದೇ. ಏಳು ಪುಟ! ಯಾರಿಗೂ ಅರ್ಥ ಆಗಲಿಲ್ಲ. 'ಪಾಪ, ಒಬ್ಬ ಹೆಂಗಸು ಏಳು ಪುಟ ಬರೆದಿದ್ದಾರೆ ಅಂದ್ರೆ ಕಷ್ಟ ದೊಡ್ಡದೇ ಇರಬೇಕು, ಓಡು' ಅಂದರು." ಅವನು ದನಿ ತಗ್ಗಿಸಿದ. "ನಮಗೆ ತಿಳಿದದ್ದು ಎರಡೇ ಮಾತು ಬಾ. ಸೂರತ್, ಪಾಪ್ಡಿ. ಪಾಪ್ಡಿ ಹಾಕಿದ ಉಂಧಿಯು ಪಲ್ಯ ಅರ್ಧ ಬೆಂದಾಗ ಗ್ಯಾಸ್ ನಿಂತುಹೋಯ್ತು, ಅಲ್ವಾ?"

ರಾಜಮ್ಮ ಕಾಗದ ತೆಗೆದುಕೊಂಡರು. ಮೊದಲ ಪುಟದ ನೆತ್ತಿಯಲ್ಲಿ ಕುಂಕುಮದ ಸ್ವಸ್ತಿಕ, ಎರಡು ಅಕ್ಷತೆ ಕಾಳು, ಪಕ್ಕದಲ್ಲಿ 'ಶುಭ, ಲಾಭ'. ಅದರ ಕೆಳಗೆ 'ದೂರು ಸಂಖ್ಯೆ ಒಂದು' ಎಂಬ ಮುದ್ರೆ. ಅದರಡಿಯಲ್ಲಿ ಬದನೆಕಾಯಿ ರಾಜ ಸಿಂಹಾಸನದ ಮೇಲೆ ಕೂತಿದ್ದ. ಅವರು ಗಡಿಬಿಡಿಯಲ್ಲಿ ಕೊನೆಯ ಪುಟ ತಿರುವಿದರು. ನಾಲ್ಕನೇ ಅಂಕ ಪೂರ್ತಿ ಇತ್ತು. ಕಾಗದವನ್ನು ಕಣ್ಣಿಗೊತ್ತಿಕೊಂಡರು. ಅದನ್ನು ಕಂಡು ನಿತೇಶ್‌ಭಾಯಿ ಇವರ ಕಷ್ಟ ತಾನೆಣಿಸಿದ್ದಕ್ಕಿಂತ ದೊಡ್ಡದೆಂದು ತಿಳಿದು, ಯಾರೂ ಹೇಳದೆ ಒಲೆಯ ಹಳೆಯ ರಬ್ಬರ್ ಕೊಳವೆ ಬಿಚ್ಚಿ ನೋಡಿದ. ಅದು ನಿಜಕ್ಕೂ ಬಿರುಕು ಬಿಟ್ಟಿತ್ತು. ಹೊಸದು ಹಾಕಿ, ಸಾಬೂನು ನೊರೆ ಸವರಿ ಪರೀಕ್ಷಿಸಿ, ಎರಡು ಚಕ್ಕುಲಿ ತಿಂದು ಹೋದ.

"ನೋಡಿದೆಯಾ," ಎಂದರು ಪಟ್ಟಾಭಿರಾಮರು ಬಾಗಿಲ ಸಂದಿಯಿಂದ, ಬಹಳ ಮೆಲ್ಲಗೆ. "ದೂರು ಕೊಟ್ಟದ್ದು ಪೂರ್ತಿ ವ್ಯರ್ಥ ಅಲ್ಲ."

ರಾಜಮ್ಮ ಅವರ ಕಡೆ ನೋಡಲಿಲ್ಲ, ಸೂರತ್ತಿಗೆ ಫೋನ್ ತಿರುಗಿಸುತ್ತಿದ್ದರು. ಆ ಕಡೆ ಆಶ್ರಿತಾ ಒಂದೊಂದು ಸಾಲನ್ನೂ ಗುಜರಾತಿ ಅಕ್ಷರದಲ್ಲಿ ಬರೆದುಕೊಂಡಳು. ಹುಡುಗಿ ಮೂರು ದಿನ ಸ್ನಾನದ ಮನೆಯಲ್ಲೂ ಅದನ್ನೇ ಹೇಳುತ್ತಿದ್ದಳೆಂದು ಆಮೇಲೆ ತಿಳಿಯಿತು.

ಭಾನುವಾರ ಬೆಳಗಿನ ರೈಲಿಗೆ ಹೊರಟು, ಕಿರೀಟಗಳ ಗಂಟು ಹೊತ್ತು ವಡೋದರಾ ಸೇರಿದರು. ಸಭಾಂಗಣ ತುಂಬಿತ್ತು. ಮೊದಲ ಮೂರು ಅಂಕದಲ್ಲಿ ಬದನೆಕಾಯಿ ರಾಜನ ತೊಟ್ಟು ಎರಡು ಸಲ ಕಳಚಿ ಬಿತ್ತು, ಕುಂಬಳಕಾಯಿ ಮಂತ್ರಿ ವೇದಿಕೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡ. ನಾಲ್ಕನೇ ಅಂಕಕ್ಕೆ ಆಶ್ರಿತಾ ಹಸಿರು ಲಂಗದಲ್ಲಿ ಬಂದು ನಿಂತಳು. ರಾಜಮ್ಮ ಪರದೆಯ ಹಿಂದೆ ಕುಂಕುಮದ ಕಾಗದ ಹಿಡಿದು ಕೂತಿದ್ದರು.

"ನಾನು ಸೂರತ್ತಿನ ಪಾಪ್ಡಿ, ನಿಮ್ಮ ಅವರೆಕಾಯಿಯ ತಂಗಿ. ನೀರು ಬೇರೆ, ಮಣ್ಣು ಬೇರೆ, ಬೆಳೆದ ಹಿತ್ತಲೂ ಬೇರೆ. ಮಾತು ತ... ತಡ..."

ನಿಂತಿತು. ರಾಜಮ್ಮನ ತುಟಿಯವರೆಗೆ ಬಂದ ಮಾತನ್ನು ಅವರು ನುಂಗಿಕೊಂಡರು. ಹೇಳಿಕೊಟ್ಟರೆ ಅದು ಅವಳ ಮಾತಾಗುವುದಿಲ್ಲ.

"...ತಡವರಿಸಿದರೇನು ರಾಜ? ಬೇಯಿಸಿ ನೋಡು, ಒಂದೇ ರುಚಿ!"

ಅವಳು ಬೇಕೆಂದೇ ತಡವರಿಸಿದಳೆಂದು ಜನ ತಿಳಿದರು. ಚಪ್ಪಾಳೆಯ ಸದ್ದಿಗೆ ಬದನೆಕಾಯಿ ರಾಜನ ತೊಟ್ಟು ಮೂರನೇ ಸಲ ಬಿತ್ತು. ಪಾಪ್ಡಿ ಅದನ್ನು ಎತ್ತಿ ಅವನ ತಲೆಗಿಟ್ಟಳು. ಅದು ನಾಟಕದಲ್ಲಿ ಇರಲಿಲ್ಲ.

ಎಲ್ಲರೂ ಊಟಕ್ಕೆ ನುಗ್ಗಿದರು. ರಾಜಮ್ಮ ಮಕ್ಕಳ ಬಣ್ಣ ಒರೆಸಿ, ಕಿರೀಟಗಳನ್ನು ಜೋಡಿಸಿ, ಕುಂಬಳಕಾಯಿಯ ಹರಿದ ಹೊಟ್ಟೆಗೆ ಎರಡು ಹೊಲಿಗೆ ಹಾಕಿ ಹೊರಬಂದಾಗ ಬಡಿಸುವವರು ಪಾತ್ರೆ ತೊಳೆಯುತ್ತಿದ್ದರು. ಪರವಾಗಿಲ್ಲ, ಸ್ಟೇಷನ್ನಿನಲ್ಲಿ ಬಾಳೆಹಣ್ಣು ಸಿಗುತ್ತದೆ ಎಂದುಕೊಂಡು ವೇದಿಕೆಯ ಮೆಟ್ಟಿಲಮೇಲೆ ಕೂತರು.

ಪಟ್ಟಾಭಿರಾಮರು ಬಂದು ಪಕ್ಕದಲ್ಲಿ ಕೂತರು. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು, ಬೇರೆ ಕಡೆ ನೋಡುತ್ತ, ಹೆಂಡತಿಯ ಮಡಿಲಲ್ಲಿಟ್ಟರು. ಮುಚ್ಚಳದ ಮೇಲೆ ಅವರ ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿತ್ತು: 'ಗ್ಯಾಸ್ ಏಜೆನ್ಸಿಗೆ ದೂರು, ಫೈನಲ್'.

ರಾಜಮ್ಮ ಚೀಟಿಯನ್ನು ನೋಡಿದರು. ಆಮೇಲೆ ಮುಚ್ಚಳ ಸ್ವಲ್ಪ ಸರಿಸಿ ಮೂಸಿದರು. ಒಗ್ಗರಣೆ ಹಾಕಿದ ಮೊಸರನ್ನ, ಇಂಗು ಒಂದಿಷ್ಟು ಹೆಚ್ಚೇ ಬಿದ್ದಿತ್ತು.